ಮೈಕಿನ ಸದ್ದು ನಿಲ್ಲುತ್ತದಾ ಅಂತ ಕೇಳುವವರಿಗೆ

‘ಶಬ್ದದ ಹರಳು ಅಂತೀರಲ್ಲ, ಗೋಡೆಗೆ ಹಾಕಿದ್ರೆ ಮೈಕಿನ ಸದ್ದು ನಿಲ್ಲುತ್ತದಾ ಮಾರಾಯ್ರೇ?’ ಕುಂಬಳೆಯ ಮದುವೆ ಊಟದಲ್ಲೂ ಇದೇ ಪ್ರಶ್ನೆ, ಬದಿಯಡ್ಕದ ಬಸ್ಸಿನಲ್ಲೂ ಇದೇ. ಶಬ್ದದ ಹರಳೆಂದರೆ ಕೊಳವೆಗಳನ್ನೋ ಗಾಳಿಗೂಡುಗಳನ್ನೋ ಒಂದೇ ಕ್ರಮದಲ್ಲಿ ಸಾಲಾಗಿ ಜೋಡಿಸಿದ ರಚನೆ. ಅದರಿಂದ ಮೈಕು ನಿಲ್ಲುವುದಿಲ್ಲ. ನಿಮ್ಮದು ಮುರಕಲ್ಲಿನ ಗೋಡೆಯಲ್ವಾ? ಕಿಟಕಿ ಮುಚ್ಚಿ, ಸಾಕು.

ಕಾರಣ ಬೇಕಾದವರಿಗೆ ಲೆಕ್ಕ. ಸಾಲು ಕೊಳವೆಗಳ ನಡುವಿನ ದೂರ ತರಂಗದೂರದ ಅರ್ಧದಷ್ಟಿದ್ದರೆ ಆ ಆವರ್ತನದ ಸದ್ದು ಒಳಗೆ ಸಾಗದು. 1000 ಹರ್ಟ್ಸಿಗೆ 17.5 ಸೆಂ.ಮೀ.; 110 ಮಿ.ಮೀ. ಪಿವಿಸಿ ಪೈಪು ಸಾಕು. ಮ್ಯಾಡ್ರಿಡ್‌ನಲ್ಲಿ ಉಕ್ಕಿನ ಕೊಳವೆಗಳ ಒಂದು ಶಿಲ್ಪವಿದೆ. ಅದು 1670 ಹರ್ಟ್ಸಿನ ಸದ್ದನ್ನು ಕುಗ್ಗಿಸುವುದನ್ನು 1995ರಲ್ಲೇ ಅಳೆದಿದ್ದಾರೆ. ಆದರೆ ಗೋಡೆ ನಡುಗಿಸುವುದು 100 ಹರ್ಟ್ಸಿನ ಬಾಸ್. ಅದಕ್ಕೆ 1.75 ಮೀಟರ್ ಅಂತರ, ಹೆಚ್ಚುಕಡಿಮೆ ಆಳು ಹೋಗುವಷ್ಟು ದಪ್ಪದ ಪೈಪು, ಅದೂ ನಾಲ್ಕೈದು ಸಾಲು. ‘ಹಾಗಾದ್ರೆ ಅಡಿಕೆ ತೋಟ?’ ಒಂಬತ್ತಡಿ ಅಂತರಕ್ಕೆ ಸುಮಾರು 64 ಹರ್ಟ್ಸ್ ಬರುತ್ತದೆ, ನಿಜ. ಆದರೆ ಅರ್ಧ ಅಡಿ ದಪ್ಪದ ಮರ ತೋಟದ ಜಾಗದಲ್ಲಿ ಶೇಕಡಾ 0.25ರಷ್ಟನ್ನೂ ತುಂಬುವುದಿಲ್ಲ. ಬಾಸಿಗೆ ಮರ ಇದ್ದದ್ದೇ ಗೊತ್ತಾಗದು.

ಇಷ್ಟರಲ್ಲಿ ಟೋಪಾಲಜಿಯ (ಹಿಗ್ಗಿಸಿ ಬಗ್ಗಿಸಿದರೂ ಬದಲಾಗದ ಗುಣಗಳ ಗಣಿತ) ಸುದ್ದಿಯೇ ಬರಲಿಲ್ಲ. ತಡೆಯುವುದಕ್ಕೆ ಅದು ಬೇಡ. ಒಳಗೆ ಸಾಗಲಾರದ ಸದ್ದು ಹರಳಿನ ಅಂಚಿನಲ್ಲಿ ಮಾತ್ರ ನಿಲ್ಲುವುದು ಅದರ ವಿಷಯ. ಅದನ್ನು ಯಾವ ಸಮ್ಮಿತಿ ಕಾಯುತ್ತದೆ ಎಂದು ಯಾರಾದರೂ ಕೇಳಿದರೆ ಪಾಯಸ ಬಿಟ್ಟು ಉತ್ತರಿಸುತ್ತೇನೆ.

ಸರಳವಾದದ್ದು ಎಸ್‌ಎಸ್‌ಎಚ್ ಸರಪಳಿ. 1979ರಲ್ಲಿ ಸು, ಶ್ರೀಫರ್, ಹೀಗರ್ ಪಾಲಿಅಸಿಟಿಲಿನ್ ಎಂಬ ಇಂಗಾಲದ ಸರಪಳಿಯ ಪಾಲಿಮರ್‌ಗೆಂದು ಬರೆದ ಲೆಕ್ಕ. ಇಲ್ಲಿ ಪರಮಾಣುವಿನ ಜಾಗಕ್ಕೆ 80 ಮಿ.ಮೀ. ಉದ್ದದ, ಎರಡೂ ತುದಿ ಮುಚ್ಚಿದ ಗಾಳಿಗೂಡುಗಳು. 30 ಡಿಗ್ರಿಯಲ್ಲಿ ಒಂದೊಂದೂ ಸುಮಾರು 2180 ಹರ್ಟ್ಸಿಗೆ ಅನುರಣಿಸುತ್ತದೆ. ಪಕ್ಕಪಕ್ಕದ ಗೂಡುಗಳನ್ನು ಸಣ್ಣ ನಳಿಗೆಗಳಿಂದ ಜೋಡಿಸಿ. ಗೂಡಿನ ತುದಿಯ ಹತ್ತಿರ ಒತ್ತಡ ಹೆಚ್ಚು, ಅಲ್ಲಿಟ್ಟ ನಳಿಗೆ ಗಟ್ಟಿ ಬೆಸುಗೆ. ನಡುವಿಗೆ ಸರಿಸಿದರೆ ಸಡಿಲ. ಗಟ್ಟಿ, ಸಡಿಲ ಒಂದಾದ ಮೇಲೊಂದು ಬರಲಿ, ಕೊನೆಯ ಬೆಸುಗೆ ಸಡಿಲವೇ ಇರಲಿ. ಆಗ ತುದಿಗೂಡಿನ ಸದ್ದನ್ನು ಅಳೆದರೆ ನಿಷಿದ್ಧ ಪಟ್ಟಿಯ (ಸರಪಳಿಯೊಳಗೆ ಸಾಗಲಾರದ ಆವರ್ತನಗಳು) ನಟ್ಟನಡುವೆ ಒಂದು ಶಿಖರ, ಅಂದರೆ ಸದ್ದು ಜೋರಾಗುವ ಆವರ್ತನ, ಕಾಣುತ್ತದೆ.

ಕಾಣಬೇಕು. ಹೆಚ್ಚಾಗಿ ಅದು ಒಂದು ಬದಿಗೆ ವಾಲಿರುತ್ತದೆ. ಅದನ್ನು ನಡುವೆ ನಿಲ್ಲಿಸುವ ಕೈರಲ್ ಸಮ್ಮಿತಿಗೆ (ನಡುವಿನ ಮೇಲೆ ಕೆಳಗೆ ಆವರ್ತನಗಳು ಕನ್ನಡಿಯಂತೆ ಜೋಡಿಯಾಗುವ ಗುಣ) ಎಲ್ಲ ಗೂಡುಗಳ ಸ್ವಂತ ಆವರ್ತನ ಒಂದೇ ಇರಬೇಕು; ತುದಿಯದಕ್ಕೆ ಒಂದೇ ಕಡೆ ನಳಿಗೆ, ಹಾಗಾಗಿ ಅದರ ಆವರ್ತನ ಸರಿದುಹೋಗುತ್ತದೆ. ತುದಿಗೂಡಿನ ಉದ್ದ ತಿದ್ದಿ: ಒಂದು ಮಿ.ಮೀ.ಗೆ 27 ಹರ್ಟ್ಸ್. ಎಸಿ ಕೋಣೆಯಿಂದ ಹೊರಗೆ ತಂದರೆ 24ರಿಂದ 32 ಡಿಗ್ರಿಗೆ ಸುಮಾರು 29 ಹರ್ಟ್ಸ್ ಏರುತ್ತದೆ. ಇಡೀ ಸರಪಳಿ ಒಟ್ಟಿಗೆ ಏರಿದರೆ ತೊಂದರೆಯಿಲ್ಲ. ಅರ್ಧಕ್ಕೆ ಮಾತ್ರ ಬಿಸಿಲು ಬಿದ್ದರೆ ಕೆಟ್ಟಿತು. ನಳಿಗೆ ಒಂದೆರಡು ಮಿ.ಮೀ.ಗಿಂತ ಸಪೂರವಾದರೆ ಗೋಡೆಗೆ ತಾಗುವ ಗಾಳಿಯ ಘರ್ಷಣೆಯೇ ಸದ್ದನ್ನು ನುಂಗುತ್ತದೆ. ತ್ರಿಡಿ ಪ್ರಿಂಟ್ ಮಾಡಿದ ಗೂಡಿನ ಪದರಗಳ ಸಂದಿನಲ್ಲೂ ಸೋರುತ್ತದೆ, ಒಳಗೆ ಬಣ್ಣ ಬಳಿಯಿರಿ.

‘ಟೋಪಾಲಜಿ ಇದ್ದರೆ ಯಾವುದೂ ಕೆಡುವುದಿಲ್ಲ’ ಎನ್ನುವವರೂ ಇದ್ದಾರೆ. ಎಲೆಕ್ಟ್ರಾನನ್ನು ಅಂಚಿನಲ್ಲಿ ಹಿಂದೆ ಚದುರದಂತೆ ಕಾಯುವ ಅರ್ಧ ಸ್ಪಿನ್ (ಅದರ ಹುಟ್ಟುಗುಣವಾದ ತಿರುಗು) ಸದ್ದಿಗೆ ಇಲ್ಲ. ಎರಡು ಆಯಾಮದ ಹರಳಿನಲ್ಲಿ ಆರುಮಡಿ ಸಮ್ಮಿತಿಯಿಂದ (60 ಡಿಗ್ರಿ ತಿರುಗಿಸಿದರೂ ಹಾಗೇ ಕಾಣುವ ಗುಣ) ಸ್ಪಿನ್ನಿನಂತೆ ವರ್ತಿಸುವ ಹುಸಿ ಸ್ಪಿನ್ ಕಟ್ಟಿಕೊಳ್ಳಬಹುದು, ಆದರೆ ಅಂಚಿನಲ್ಲಿ ಆ ಸಮ್ಮಿತಿ ಮುರಿಯುತ್ತದೆ. ಅಲ್ಲಿ ಸದ್ದು ಸ್ವಲ್ಪವಾದರೂ ಹಿಂದೆ ಚದುರುತ್ತದೆ.

ನಿಮ್ಮ ಶಿಖರ ಅಸಲಿಯೋ ಅಂತ ನೋಡಲು ತುದಿಯ ಒಂದು ಗೂಡು ಕಳಚಿ, ಕೊನೆಯ ಬೆಸುಗೆ ಗಟ್ಟಿಯದಾಗುತ್ತದೆ. ಹೊಸ ತುದಿಗೂಡಿನ ಉದ್ದವನ್ನೂ ಮೊದಲಿನ ಹಾಗೆಯೇ ತಿದ್ದಿ ಮತ್ತೆ ಅಳೆಯಿರಿ. ಆ ತುದಿಯಲ್ಲಿ ಶಿಖರ ಮಾಯವಾಗಬೇಕು. ಇನ್ನೂ ಇದೆಯೆಂದರೆ ಎಲ್ಲೋ ನಳಿಗೆ ಅಡ್ಡಾದಿಡ್ಡಿ ಕೂತಿದೆ.