ಫೈರ್‌ವಾಲ್ ‘ಪೋರ್ಟ್ ಸ್ಕ್ಯಾನ್’ ಎಂದು ಎಚ್ಚರಿಸಿದಾಗ

ತುಮಕೂರಿನ ಮನೆಗಳಲ್ಲೂ ಈಗ ಫೈಬರ್ ರೂಟರ್ ದಿನವಿಡೀ ಆನ್ ಇರುತ್ತದೆ. ಕಂಪ್ಯೂಟರಿನ ಫೈರ್‌ವಾಲ್‌ನಿಂದ (ಬೇಡದ ಸಂಪರ್ಕಗಳನ್ನು ತಡೆಯುವ ತಂತ್ರಾಂಶ) ‘ಪೋರ್ಟ್ ಸ್ಕ್ಯಾನ್ ತಡೆಯಲಾಗಿದೆ’ ಎಂಬ ಎಚ್ಚರಿಕೆ ಕಂಡರೆ ಗಾಬರಿ ಬೇಡ: ಯಾರೋ ಬಾಗಿಲು ತಟ್ಟಿದ್ದಾರೆ, ಒಳಗೆ ಬಂದಿಲ್ಲ. ಸ್ವಯಂಚಾಲಿತ ಪ್ರೋಗ್ರಾಮ್‌ಗಳು 22, 23, 445, 3389ನೇ ಪೋರ್ಟ್‌ಗಳನ್ನು (ಕಂಪ್ಯೂಟರ್ ಸಂಪರ್ಕದ ಸಂಖ್ಯೆಯುಳ್ಳ ಬಾಗಿಲುಗಳು) ಹಗಲಿರುಳು ತಡಕುತ್ತಲೇ ಇರುತ್ತವೆ.

ಮುಖ್ಯವಾದದ್ದು, ಸ್ಕ್ಯಾನ್ ಬಂದ ಐಪಿ (ಸಾಧನದ ನೆಟ್‌ವರ್ಕ್ ವಿಳಾಸ) ಯಾವುದು ಎಂಬುದು. 192.168ರಿಂದ ಶುರುವಾದರೆ ಅದು ನಿಮ್ಮದೇ ವೈಫೈನಲ್ಲಿರುವ ಸಾಧನ. 192.168.1.1 ಸಾಮಾನ್ಯವಾಗಿ ರೂಟರ್. ಅದರ 53ನೇ ಪೋರ್ಟ್‌ನಿಂದ ಡಿಎನ್‌ಎಸ್ (ವೆಬ್‌ಸೈಟ್ ಹೆಸರಿಗೆ ಐಪಿ ಹುಡುಕಿಕೊಡುವ ವ್ಯವಸ್ಥೆ) ಉತ್ತರಗಳು ತಡವಾಗಿ ಬಂದರೆ ಕೆಲವು ಫೈರ್‌ವಾಲ್‌ಗಳು ಅದನ್ನೇ ಸ್ಕ್ಯಾನ್ ಎಂದುಕೊಳ್ಳುತ್ತವೆ. 192.168ರಲ್ಲೇ ಬೇರೆ ಸಂಖ್ಯೆಯಾದರೆ ರೂಟರ್‌ನ ಸೆಟ್ಟಿಂಗ್ಸ್ ಪುಟದ ಸಾಧನಗಳ ಪಟ್ಟಿ ನೋಡಿ. ಗುರುತಿಲ್ಲದ ಸಾಧನವಿದ್ದರೆ ವೈಫೈ ಪಾಸ್‌ವರ್ಡನ್ನು ಕೂಡಲೇ ಬದಲಿಸಿ. ಪಿಜಿಯಲ್ಲಿ ಹತ್ತಾರು ಜನ ಒಂದೇ ವೈಫೈ ಬಳಸುವವರು ವಿಂಡೋಸ್‌ನಲ್ಲಿ ನೆಟ್‌ವರ್ಕನ್ನು ‘ಪಬ್ಲಿಕ್’ ಎಂದೇ ಇಡಬೇಕು.

ಹೊರಗಿನ ಐಪಿಯಾದರೆ ಇನ್ನೊಂದು ಪ್ರಶ್ನೆ ಏಳುತ್ತದೆ. ರೂಟರ್ ದಾಟಿ ಅದು ಕಂಪ್ಯೂಟರ್‌ವರೆಗೆ ಬಂದದ್ದು ಹೇಗೆ? ನೀವು ತೆರೆದಿದ್ದ ವೆಬ್‌ಸೈಟಿನ ತಡವಾದ ಉತ್ತರವೂ ಇರಬಹುದು. ಅದಲ್ಲವಾದರೆ ರೂಟರ್‌ನಲ್ಲಿ ಹೊರಗಿನ ಸಂಪರ್ಕವನ್ನು ಒಳಗೆ ಬಿಡುವ ಸೆಟ್ಟಿಂಗ್‌ಗಳಾದ ಪೋರ್ಟ್ ಫಾರ್ವರ್ಡಿಂಗ್, ಡಿಎಂಝಡ್, ಯುಪಿಎನ್‌ಪಿ ನೋಡಿ, ಬೇಡದ್ದನ್ನು ಆಫ್ ಮಾಡಿ. ಐಪಿವಿ6 (ಹೊಸ ಬಗೆಯ ಐಪಿ ವಿಳಾಸ) ಇದ್ದರೆ ರೂಟರ್‌ನ ಫೈರ್‌ವಾಲ್ ಅದಕ್ಕೂ ಅನ್ವಯಿಸುತ್ತದೆಯೇ ಪರೀಕ್ಷಿಸಿ. ಬಹಳ ಜನ ಇದನ್ನು ಮರೆಯುತ್ತಾರೆ.

ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ netstat -ano ಎಂದು ಕೊಟ್ಟರೆ ತೆರೆದ ಪೋರ್ಟ್‌ಗಳು ಕಾಣುತ್ತವೆ. 3389 ‘ಲಿಸನಿಂಗ್’ (ಸಂಪರ್ಕಕ್ಕೆ ಕಾಯುತ್ತಿದೆ) ಎಂದಿದ್ದು, ದೂರದಿಂದ ಕಂಪ್ಯೂಟರ್ ನಡೆಸುವ ರಿಮೋಟ್ ಡೆಸ್ಕ್‌ಟಾಪ್ ಬಳಸದಿದ್ದರೆ ಅದನ್ನು ಆಫ್ ಮಾಡಿ. ಫೈಲ್ ಹಂಚಿಕೆಯ 445 ವಿಂಡೋಸ್‌ನಲ್ಲಿ ಸಹಜ, ಆದರೆ ಅದನ್ನು ಇಂಟರ್ನೆಟ್ಟಿಗೆ ತೆರೆಯಲೇಬೇಡಿ; 2017ರಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವಾನ್ನಾಕ್ರೈ ಎಂಬ ಕುತಂತ್ರಾಂಶ ಹರಡಿದ್ದು ಅದೇ ದಾರಿಯಲ್ಲಿ.