ಸುಳಿ ನೋಡುವವರು

ಏಪ್ರಿಲ್ ಬಂದಿದ್ದರೂ ನ್ಯೂಜೆರ್ಸಿಯ ಚಳಿ ಬಿಟ್ಟಿರಲಿಲ್ಲ. ಮಗನ ಹೈಸ್ಕೂಲು ತಂಡದ ಬೇಸ್‌ಬಾಲ್ ಪಂದ್ಯವಿತ್ತು. ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಹೋಗಿ, ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟಿನ ಹಿಂದಿನ ಬಲೆಯ ಬಳಿ ಕುಳಿತೆ. ಅಲ್ಲಿ ಅರವತ್ತು ದಾಟಿದವರೊಬ್ಬರು ಮಡಚುವ ಕುರ್ಚಿ ಹಾಕಿಕೊಂಡು ಆಗಲೇ ನೆಲೆಯೂರಿದ್ದರು. ಕೈಯಲ್ಲಿ ರೇಡಾರ್ ಗನ್, ಕೊರಳಲ್ಲಿ ಸ್ಟಾಪ್‌ವಾಚ್, ತೊಡೆಯ ಮೇಲೊಂದು ನೋಟ್‌ಬುಕ್. ಅವರು ಕ್ಲಬ್ಬಿಗಾಗಿ ಹೊಸ ಆಟಗಾರರನ್ನು ಹುಡುಕುವ ಸ್ಕೌಟ್ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಅವರು ಬಂದಿದ್ದು ಎದುರು ತಂಡದ ಎಡಗೈ ಪಿಚರ್‌ಗಾಗಿ ಎಂಬುದೂ ಗೊತ್ತಿತ್ತು. ಆದರೂ ಅಪ್ಪನೆಂಬ ಪ್ರಾಣಿಯ ಆಸೆಗೆ ಕಡಿವಾಣವುಂಟೆ? ಒಂದು ಲೋಟ ಕಾಫಿ ಮುಂದೆ ಹಿಡಿದೆ.

ಹುಡುಗ ಗಂಟೆಗೆ 90 ಮೈಲಿ ವೇಗದಲ್ಲಿ ಎಸೆಯುತ್ತಿದ್ದ. ಗನ್ನಿನ ಅಂಕಿ ನೋಡಿ ನಾನು ಹುಬ್ಬೇರಿಸಿದರೆ ಅವರು ಅದನ್ನು ಬರೆದುಕೊಂಡು ಮರೆತರು. ಅವರು ನೋಡುತ್ತಿದ್ದುದೇ ಬೇರೆ. ಫೀಲ್ಡರ್ ಚೆಂಡು ಕೈಬಿಟ್ಟಾಗ ಹುಡುಗನ ಭುಜ ಇಳಿಯಿತೇ? ಸುಸ್ತಾದಾಗ ಮೊಣಕೈ ಕೆಳಗೆ ಬರುತ್ತದೆಯೇ? ಆಮೇಲೆ, "ಇವನ ಅಪ್ಪ ಅಮ್ಮ ಯಾರು, ತೋರಿಸುತ್ತೀರಾ?" ಎಂದರು. ಹದಿನೇಳರ ಮೈ ಇಪ್ಪತ್ಮೂರಕ್ಕೆ ಎಷ್ಟು ತುಂಬೀತೆಂದು ಹೆತ್ತವರ ಮೈಕಟ್ಟು ನೋಡಿ ಅಂದಾಜಿಸುತ್ತಾರಂತೆ.

ನನಗೆ ತಾತ ನೆನಪಾದರು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಅವರು ಹೋರಿಯ ಹಲ್ಲು ನೋಡಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ, ಕೊನೆಗೆ ತಾಯಿ ಹಸು ಎಂಥದ್ದೆಂದು ಕೇಳುತ್ತಿದ್ದರು. ಇದನ್ನು ಹೇಳಿದಾಗ ಸ್ಕೌಟ್ ಮೊದಲ ಸಲ ನನ್ನತ್ತ ಪೂರ್ತಿ ತಿರುಗಿದರು. "ನಿಮ್ಮ ತಾತ ಎಷ್ಟು ಸಲ ಮೋಸ ಹೋದರು?" ನನಗೆ ಗೊತ್ತಿರುವಂತೆ ಎರಡು ಸಲ ಎಂದೆ. "ಹಾಗಾದರೆ ನನಗಿಂತ ವಾಸಿ."

ಅವರ ಲೆಕ್ಕ 20ರಿಂದ 80ರವರೆಗೆ. ದೊಡ್ಡ ಲೀಗಿನ ಸಾಧಾರಣ ಆಟಗಾರನಿಗೆ 50. ಹೊಡೆತ, ಹೊಡೆತದ ಬಲ, ಓಟ, ಫೀಲ್ಡಿಂಗ್, ತೋಳು, ಹೀಗೆ ಒಂದೊಂದಕ್ಕೂ ಬೇರೆ ಬೇರೆ ಅಂಕ. ಅವರೂ ಏಳು ವರ್ಷ, ದೊಡ್ಡ ಲೀಗಿನ ಕೆಳಗಿನ ಮೆಟ್ಟಿಲಾದ ಮೈನರ್ ಲೀಗಿನಲ್ಲಿ ಆಡಿದವರು. ರಾತ್ರಿಯಿಡೀ ಬಸ್ ಪ್ರಯಾಣ, ಚಳಿಗಾಲದಲ್ಲಿ ಸಂಬಳವಿಲ್ಲ, ಮಂಡಿಗೆ ಪೆಟ್ಟು. ಆಟ ಬಿಟ್ಟು ಅದೇ ಕ್ಲಬ್ಬಿಗೆ ಸ್ಕೌಟ್ ಆಗಿ ಸೇರಿದ ವರ್ಷ, ಹಳೆಯ ಕಡತಗಳ ನಡುವೆ ತಮ್ಮದೇ ವರದಿ ಸಿಕ್ಕಿತಂತೆ. ಓಟ 60, ತೋಳು 60, ಹೊಡೆತ 30. ಬರೆದವರು ಅವರ ಮನೆಗೆ ಬಂದು, ತಾಯಿ ಬಡಿಸಿದ್ದನ್ನು ಹೊಟ್ಟೆ ತುಂಬ ಉಂಡು, "ಈ ಹುಡುಗ ಬಹಳ ಮುಂದೆ ಹೋಗುತ್ತಾನೆ" ಎಂದು ಸಹಿ ಹಾಕಿಸಿಕೊಂಡು ಹೋದವರೇ.

"ಸಿಟ್ಟು ಬರಲಿಲ್ಲವೇ?"

"ಬಂತು. ಆದರೆ ಅಂಕ ಸರಿಯಾಗಿಯೇ ಇತ್ತು."

ಸ್ಕೌಟ್‌ಗಳು ಎಡವಿದ್ದೂ ಉಂಟಲ್ಲ ಎಂದು ಇದೇ ರಾಜ್ಯದ ಮಿಲ್‌ವಿಲ್ಲಿನಿಂದ ಬಂದು ದೊಡ್ಡ ಲೀಗಿನ ದಿಗ್ಗಜನಾದ ಮೈಕ್ ಟ್ರೌಟ್ ಹೆಸರೆತ್ತಿದೆ. ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟಿನಲ್ಲಿ, 2009ರಲ್ಲಿ, ಅವನ ಸರದಿ ಬಂದದ್ದು 25ನೆಯದಾಗಿ. ಏಂಜೆಲ್ಸ್ ತಂಡಕ್ಕಾಗಿ ಅವನ ಮೇಲೆ ಕಣ್ಣಿಟ್ಟಿದ್ದ ಗ್ರೆಗ್ ಮೋರ್‌ಹಾರ್ಟ್ ಕೂಡ ಮೈನರ್ ಲೀಗಿನ ಹಳೆಯ ಆಟಗಾರ, ಹುಡುಗನ ತಂದೆಯೊಂದಿಗೆ ಆಡಿದವರು. "ನೋಡಿ," ಎಂದು ಇವರು ನಕ್ಕರು, "ತಾಯಿ ಹಸು ಗೊತ್ತಿತ್ತು!"

ಐದನೆಯ ಇನಿಂಗ್ಸಿಗೆ ಪಿಚರ್‌ನನ್ನು ಬದಲಾಯಿಸಿದರು. ಇವರೂ ನೋಟ್‌ಬುಕ್ ಮುಚ್ಚಿ ಕುರ್ಚಿ ಮಡಚಿದರು. ಸಂಜೆ ಪೆನ್ಸಿಲ್ವೇನಿಯಾದಲ್ಲಿ ಇನ್ನೊಂದು ಪಂದ್ಯವಂತೆ. ಅಷ್ಟರಲ್ಲಿ ನನ್ನ ಮಗ ಬ್ಯಾಟ್ ಹಿಡಿದು ಬಂದ. ನಾನು ಬಾಯಿ ಬಿಟ್ಟು ಏನೂ ಹೇಳಲಿಲ್ಲ, ಆದರೆ ಅವರು ನಿಂತರು. ಮಗ ಚೆಂಡನ್ನು ನೆಲಕ್ಕೆ ಬಡಿದು, ತಲೆ ತಗ್ಗಿಸಿ, 90 ಅಡಿ ಓಡಿ ಔಟಾದ. ಅವರ ಹೆಬ್ಬೆರಳು ತನ್ನಷ್ಟಕ್ಕೆ ಸ್ಟಾಪ್‌ವಾಚ್ ಒತ್ತಿತ್ತು. ಈ ಓಟಕ್ಕೆ ಬಲಗೈ ಬ್ಯಾಟರ್‌ಗೆ 4.3 ಸೆಕೆಂಡು ಸಾಧಾರಣ ಎಂದು ಅರ್ಧ ಗಂಟೆಯ ಹಿಂದಷ್ಟೇ ಹೇಳಿದ್ದರು. ಈಗ ಒಂದು ಕ್ಷಣ ತಡೆದು ಗಡಿಯಾರವನ್ನು ನನ್ನತ್ತ ತಿರುಗಿಸಿದರು.

4.8.

"ಕಾಫಿ ಬಹಳ ಚೆನ್ನಾಗಿತ್ತು" ಎಂದು ಹೇಳಿ ಕಾರಿನತ್ತ ಕುಂಟುತ್ತ ನಡೆದರು.