ಮೊದಲು ಸಲಕರಣೆ, ಆಮೇಲೆ ಕತ್ತಿ: 3.5ರ ಮಾಸ್ಟರ್‌ವರ್ಕ್ ಲೆಕ್ಕ

ಪುಣೆಯಲ್ಲಿ ಕನ್ನಡದಲ್ಲೇ ಆಡುವ ನಮ್ಮ ಟೇಬಲ್‌ಗೆ ಹೊಸಬರು ಬಂದಾಗಲೆಲ್ಲ ಏಳುವ ಪ್ರಶ್ನೆ ಇದು: ಕೈಗೆ 300 ಚಿಲ್ಲರೆ ಚಿನ್ನದ ನಾಣ್ಯ ಬಂದ ಕೂಡಲೇ ಮಾಸ್ಟರ್‌ವರ್ಕ್ ಕತ್ತಿ ಕೊಳ್ಳೋದಾ? ಪಾತ್ರ ವಹಿಸಿ, ಡೈಸ್ ಹಾಕಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ 3.5 ಆವೃತ್ತಿ (2003) ಆಡುವವರಿಗೆ ನನ್ನ ಉತ್ತರ: ಬೇಡ, ಮೊದಲು ಸಲಕರಣೆ ಕೊಳ್ಳಿ.

ಮಾಸ್ಟರ್‌ವರ್ಕ್ ಅಂದರೆ ಮಂತ್ರವಿಲ್ಲದ, ಬರೀ ಕೈಕೆಲಸದಿಂದ ಬಂದ ಗುಣಮಟ್ಟ. ಆಯುಧಕ್ಕೆ 300 ನಾಣ್ಯ ಹೆಚ್ಚು ಕೊಟ್ಟರೆ ಅಟ್ಯಾಕ್‌ಗೆ (ಏಟು ತಗಲುತ್ತದೋ ಎಂದು ಹಾಕುವ ಡೈಸ್‌ಗೆ) +1 ಸಿಗುತ್ತದೆ, ಡ್ಯಾಮೇಜ್‌ಗೆ ಏನೂ ಇಲ್ಲ. ಆದರೆ ಒಂದು ಸ್ಕಿಲ್‌ಗೆ (ಪಾತ್ರದ ಕೌಶಲಕ್ಕೆ) ಬೇಕಾದ ಮಾಸ್ಟರ್‌ವರ್ಕ್ ಸಲಕರಣೆ 50 ನಾಣ್ಯಕ್ಕೇ +2 ಕೊಡುತ್ತದೆ. ಕಳ್ಳನ ಸಲಕರಣೆ ಮಾಮೂಲಿಯದು 30, ಮಾಸ್ಟರ್‌ವರ್ಕ್ ಆದರೆ 100. ಬೀಗ ತೆಗೆಯುವುದಕ್ಕೂ ಬೋನು ಕಳಚುವುದಕ್ಕೂ ಅದರ +2 ಒದಗುತ್ತದೆ. ಒಂದೇ ಕೆಲಸಕ್ಕೆ ಎರಡು ಸಲಕರಣೆ ಹಿಡಿದರೆ +4 ಆಗುವುದಿಲ್ಲ.

ಈ +2ರ ಬೆಲೆ ನಿಜವಾಗಿ ಗೊತ್ತಾಗುವುದು ಕಮ್ಮಾರನ ಪಾತ್ರದಲ್ಲಿ. 3ನೇ ಲೆವೆಲ್, ಕ್ರಾಫ್ಟ್ (ವಸ್ತು ತಯಾರಿಸುವ) ಸ್ಕಿಲ್‌ನಲ್ಲಿ 6 ರ್‍ಯಾಂಕ್, ಬುದ್ಧಿ 14 (ಅದರಿಂದ +2) ಅಂದುಕೊಳ್ಳಿ: ಒಟ್ಟು +8. ಕತ್ತಿ ಮಾಡುವಾಗ ಮಾಸ್ಟರ್‌ವರ್ಕ್ ಗುಣವನ್ನು ಬೇರೆ ಭಾಗವಾಗಿ ಲೆಕ್ಕ ಹಾಕುತ್ತಾರೆ; ಆ ಭಾಗದ ಡಿಸಿ (ಗೆಲ್ಲಲು ಮುಟ್ಟಬೇಕಾದ ಅಂಕ) 20. 'ಟೇಕ್ 10' (ಡೈಸ್ ಹಾಕದೆ 10 ಬಿತ್ತೆಂದು ಹಿಡಿಯುವುದು) ಅಂದರೂ 18ಕ್ಕೇ ನಿಲ್ಲುತ್ತದೆ. ಹಾಗಾಗಿ ವಾರವಾರ 20 ಮುಖದ ಡೈಸ್ ಹಾಕಲೇಬೇಕು. 12 ಅಥವಾ ಹೆಚ್ಚು ಬಿದ್ದರೆ ಕೆಲಸ ಸಾಗುತ್ತದೆ, 8ರಿಂದ 11 ಬಿದ್ದರೆ ಆ ವಾರ ವ್ಯರ್ಥ. 7 ಅಥವಾ ಕಡಿಮೆ ಬಿದ್ದರೆ, ಅಂದರೆ 35% ಸಲ, ಅರ್ಧ ಕಚ್ಚಾ ಸಾಮಾನು ಹಾಳು. ಮಾಸ್ಟರ್‌ವರ್ಕ್ ಭಾಗದ ಸಾಮಾನಿಗೆ 100 ನಾಣ್ಯ. ಒಂದು ಕೆಟ್ಟ ವಾರಕ್ಕೆ 50 ಹೋಯಿತು. 55 ನಾಣ್ಯದ ಮಾಸ್ಟರ್‌ವರ್ಕ್ ಕುಶಲಕರ್ಮಿ ಸಲಕರಣೆ ಇದ್ದರೆ +10 ಆಗುತ್ತದೆ, ಟೇಕ್ 10 ಹಾಕಿದರೆ ನೇರ 20. ಸೋಲುವ ಮಾತೇ ಇಲ್ಲ.

ಇನ್ನು ಸಮಯ. ಬೆಲೆಯನ್ನು ಬೆಳ್ಳಿ ನಾಣ್ಯಕ್ಕೆ ಬದಲಾಯಿಸಿಕೊಳ್ಳಬೇಕು, ಬಹಳ ಜನ ಎಡವುವುದು ಇಲ್ಲೇ. 300 ಚಿನ್ನ ಅಂದರೆ 3,000 ಬೆಳ್ಳಿ. ವಾರದ ಪ್ರಗತಿ (ಬಂದ ಅಂಕ × ಡಿಸಿ) 20 × 20 = 400 ಬೆಳ್ಳಿ. ಏಳೂವರೆ ವಾರ ಬೇಕು. ಉದ್ದಕತ್ತಿಯ ಮೂಲ ಭಾಗ (150 ಬೆಳ್ಳಿ, ಡಿಸಿ 15) ಇನ್ನರ್ಧ ವಾರದಲ್ಲಿ ಮುಗಿಯುತ್ತದೆ. ಒಟ್ಟು ಎಂಟು ವಾರ, ಸಾಮಾನಿಗೆ 105 ಚಿನ್ನ. ಅಂಗಡಿಯಲ್ಲಿ ಅದೇ ಕತ್ತಿಗೆ 315. ಚಿನ್ನದಲ್ಲೇ ಲೆಕ್ಕ ಹಾಕಿದರೆ ಒಂದೇ ವಾರದಲ್ಲಿ ಮುಗಿದಂತೆ ಕಾಣುತ್ತದೆ. ಆಟ ನಡೆಸುವ ಡಿಎಂ (ಡಂಜನ್ ಮಾಸ್ಟರ್) ಅದನ್ನು ಒಪ್ಪಬಾರದು.

ಎರಡನೇ ಖರ್ಚು ಕವಚಕ್ಕೆ. 150 ನಾಣ್ಯಕ್ಕೆ ಚೆಕ್ ಪೆನಾಲ್ಟಿ (ಕವಚ ತೊಟ್ಟಾಗ ಈಜಿನಂಥ ಸ್ಕಿಲ್‌ಗಳಲ್ಲಿ ಕಳೆಯುವ ಅಂಕ) 1 ಇಳಿಯುತ್ತದೆ. ಲೋಹದ ಗುಬ್ಬಿಮೊಳೆ ಬಡಿದ ಚರ್ಮದ ಕವಚದ (25 ನಾಣ್ಯ) ಪೆನಾಲ್ಟಿ -1 ಇರುವುದರಿಂದ 175ಕ್ಕೆ ಅದು ಸೊನ್ನೆ. ಮೈತುಂಬ ಲೋಹದ ಕವಚ ಫುಲ್ ಪ್ಲೇಟ್ ತೊಡುವವರಿಗೂ ಲಾಭವಿದೆ: ಈಜುವಾಗ ಪೆನಾಲ್ಟಿ ಇಮ್ಮಡಿಯಾಗುವುದರಿಂದ -12 ಇದ್ದದ್ದು -10ಕ್ಕೆ ಬರುತ್ತದೆ.

ಕತ್ತಿಗೆ ದುಡ್ಡು ಹಾಕುವುದು ಮುಂದೆ ಅದಕ್ಕೆ ಮಂತ್ರ ತುಂಬಿಸುವ ಯೋಚನೆ ಇದ್ದರೆ. ಮಂತ್ರ ಹಿಡಿಯುವುದು ಮಾಸ್ಟರ್‌ವರ್ಕ್ ಆಯುಧಕ್ಕೆ ಮಾತ್ರ, ಮತ್ತು ಮಾಮೂಲಿ ಕತ್ತಿಯನ್ನು ಆಮೇಲೆ ಮಾಸ್ಟರ್‌ವರ್ಕ್ ಮಾಡಿಕೊಳ್ಳಲು ನಿಯಮದಲ್ಲಿ ದಾರಿಯಿಲ್ಲ. ಅಜ್ಜನ ಕತ್ತಿಯನ್ನೇ ಕೊನೆತನಕ ಹಿಡಿಯುವ ಆಸೆ ಇದ್ದರೆ ಪಾತ್ರ ಬರೆಯುವಾಗಲೇ ಡಿಎಂ ಹತ್ತಿರ ಮಾತಾಡಿಕೊಳ್ಳಿ. +1 ಮಂತ್ರಕ್ಕೆ ಮತ್ತೆ 2,000 ಬೇಕು, ಆದರೆ ಮಾಸ್ಟರ್‌ವರ್ಕ್‌ನ +1, ಮಂತ್ರದ +1 ಕೂಡಿ ಅಟ್ಯಾಕ್‌ಗೆ +2 ಆಗುವುದಿಲ್ಲ. ಮ್ಯಾಜಿಕ್ ಆಯುಧವೇ ಬೇಕೆನ್ನುವ ಡ್ಯಾಮೇಜ್ ರಿಡಕ್ಷನ್ (ಏಟಿನ ಪೆಟ್ಟನ್ನು ತಗ್ಗಿಸುವ ಗುಣ) ಎದುರು ಮಾಸ್ಟರ್‌ವರ್ಕ್ ಕತ್ತಿಯೂ ಮಾಮೂಲಿಯೇ. ಆದರೆ ಆಂಟಿಮ್ಯಾಜಿಕ್ ಫೀಲ್ಡ್‌ನೊಳಗೆ ಮಂತ್ರ ಸತ್ತರೂ ಈ ಕೈಕೆಲಸದ +1 ಉಳಿಯುತ್ತದೆ. ನನಗೆ ಮಾಸ್ಟರ್‌ವರ್ಕ್ ಇಷ್ಟವಾಗುವುದು ಇದಕ್ಕೇ.

ಡಿಎಂಗಳು ಮಾಸ್ಟರ್‌ವರ್ಕ್ ಗುಣವನ್ನು ಹೊಳಪು, ಬೆಳಕು ಅಂತ ವರ್ಣಿಸಬೇಡಿ. ಪುಣೆಯ ಕಸಬಾ ಪೇಠೆಯಲ್ಲಿರುವ ತಾಂಬಟ್ ಆಳಿ ಎಂಬ ತಾಮ್ರದ ಕೆಲಸದವರ ಗಲ್ಲಿಗೆ ಹೋಗಿ ಒಳ್ಳೆಯ ತಾಮ್ರದ ಹಂಡೆಯ ಮೈಮೇಲೆ ಬೆರಳಾಡಿಸಿ: ಸುತ್ತಿಗೆಯ ಗುರುತು ಒಂದರ ಪಕ್ಕ ಒಂದು, ಒಂದೇ ಆಳಕ್ಕೆ, ಸಾಲು ತಪ್ಪದೆ ಕೂತಿರುತ್ತವೆ. ಆಟಗಾರರಿಗೆ ಹೇಳಬೇಕಾದ್ದು ಇಂಥ ವಿವರ.

ಬಾಣಗಳಿಗೆ ಮಾತ್ರ ಖರ್ಚು ಮಾಡಬೇಡಿ. ಒಂದೊಂದಕ್ಕೂ 6 ನಾಣ್ಯ ಹೆಚ್ಚು, ಒಮ್ಮೆ ಬಿಟ್ಟರೆ ಮುಗಿಯಿತು. ಬಿಲ್ಲೇ ಮಾಸ್ಟರ್‌ವರ್ಕ್ ಆಗಿದ್ದರೆ ಬಾಣದ +1 ಅದಕ್ಕೆ ಸೇರುವುದೂ ಇಲ್ಲ.